ಚಳಿಯಲ್ಲಿ ಸುಮ್ಮನಾಗುವ ಪಟ್ಟಿ

ಷಿಕಾಗೊ

ಮೈಸೂರಿನಿಂದ ಹೊರಡುವಾಗ ನಾನು ಅತ್ಯಂತ ಜೋಪಾನವಾಗಿ ಹಿಡಿದುಕೊಂಡಿದ್ದದ್ದು ಪಾಸ್‌ಪೋರ್ಟನ್ನಲ್ಲ; ಒಳಗೆ ಸ್ಪಂಜು ಹಾಸಿದ ಒಂದು ಸ್ಟೀಲ್ ಡಬ್ಬಿಯನ್ನು. ಅದರಲ್ಲಿ ಬೆರಳುದ್ದದ ಕೆಲವು ಪ್ಲಾಸ್ಟಿಕ್ ಪಟ್ಟಿಗಳಿದ್ದವು. ಪ್ರತಿಯೊಂದರ ಮೇಲೂ ಕಣ್ಣಿಗೆ ಕಾಣದ ಹೊದಿಕೆ: ಗ್ರಾಫೀನ್. ಪೆನ್ಸಿಲ್ಲಿನ ಕಡ್ಡಿಯಲ್ಲಿರುವುದೂ ಇದೇ ಇಂಗಾಲ. ಇಲ್ಲಿ ಅದು ಒಂದೇ ಪರಮಾಣುವಿನ ದಪ್ಪಕ್ಕೆ ಇಳಿದು, ಜೇನುಗೂಡಿನ ಕಣ್ಣುಗಳ ಹಾಗೆ ಹೆಣೆದುಕೊಂಡಿರುತ್ತದೆ. ದಾರಿಯ ವಿಮಾನ ನಿಲ್ದಾಣಗಳಲ್ಲೆಲ್ಲ ಭದ್ರತಾ ಸಿಬ್ಬಂದಿ ಮುಚ್ಚಳ ತೆಗೆದು, ಬರಿಯ ಪ್ಲಾಸ್ಟಿಕ್ ತುಂಡುಗಳನ್ನು ನೋಡಿ, ನನ್ನ ಮುಖ ನೋಡಿ, ಮುಚ್ಚಿ ಕೊಟ್ಟರು. ಸಂಶಯಪಡಲಿಕ್ಕೂ ಅದರಲ್ಲಿ ಏನೂ ಇಲ್ಲವಲ್ಲ ಎಂಬುದೇ ಅವರ ಅಸಮಾಧಾನವಾಗಿದ್ದಂತಿತ್ತು.

ಆ ಜಾಲರಿಯನ್ನು ಎಳೆದರೆ ಅದರೊಳಗಿನ ವಿದ್ಯುತ್ತಿಗೆ ಏನಾಗುತ್ತದೆ ಎಂಬುದು ನನ್ನ ಸಂಶೋಧನೆಯ ವಿಷಯ. ಸೊಳ್ಳೆಪರದೆಯ ಮೂಲೆ ಹಿಡಿದು ಜಗ್ಗಿದರೆ ಕಣ್ಣುಗಳು ಒಂದು ಕಡೆಗೆ ಉದ್ದವಾಗಿ ಇನ್ನೊಂದು ಕಡೆಗೆ ಕಿರಿದಾಗುತ್ತವೆ. ಗ್ರಾಫೀನ್‌ನಲ್ಲಿಯೂ ಹಾಗೆಯೇ. ಪರಮಾಣುಗಳ ನಡುವಿನ ಅಂತರ ಬದಲಾದಾಗ ಎಲೆಕ್ಟ್ರಾನುಗಳು ಒಂದರಿಂದ ಇನ್ನೊಂದಕ್ಕೆ ಜಿಗಿಯುವ ಸಲೀಸು ಬದಲಾಗುತ್ತದೆ. ಸಣ್ಣ ಎಳೆತಕ್ಕೆ ವಿದ್ಯುತ್ ನಿಂತುಹೋಗುವುದಿಲ್ಲ. ರೋಧ ಮಾತ್ರ ತುಸು ಏರುತ್ತದೆ. ರೋಧವನ್ನು ಅಳೆದರೆ ಎಳೆತ ಎಷ್ಟೆಂದು ಹೇಳಬಹುದು. ಅಮೆರಿಕದ ಮಿಶಿಗನ್ ರಾಜ್ಯದ ಪ್ಲಿಮತ್‌ನಲ್ಲಿರುವ ಒಂದು ಬಿಡಿಭಾಗ ಕಂಪನಿ ನಮ್ಮ ಪ್ರಯೋಗಾಲಯದ ಈ ಪಟ್ಟಿಗಳನ್ನು ವಿದ್ಯುತ್ ಕಾರುಗಳ ಬ್ಯಾಟರಿಗೆ ಅಂಟಿಸಲು ಹೊರಟಿತ್ತು. ಬ್ಯಾಟರಿ ಕೆಡುವ ಮೊದಲು ಊದಿಕೊಳ್ಳುತ್ತದೆ. ಊದಿದರೆ ಪಟ್ಟಿ ಎಳೆಯಲ್ಪಡುತ್ತದೆ. ಎಳೆದರೆ ಎಚ್ಚರಿಕೆಯ ದೀಪ ಹತ್ತುತ್ತದೆ. ಯೋಜನೆ ಇಷ್ಟು ಸರಳವಾಗಿತ್ತು. ಅದರ ಜಂಟಿ ವರದಿಗೆ ನನ್ನ ಹೆಸರೂ ಸೇರಬೇಕಿತ್ತು, ಆ ವರದಿಯ ಮೇಲೆ ನನ್ನ ಪ್ರಬಂಧದ ಒಂದು ಇಡೀ ಅಧ್ಯಾಯ ನಿಲ್ಲಬೇಕಿತ್ತು.

ಮೊದಲ ನಿಲುಗಡೆ ಷಿಕಾಗೊದ ಸಮ್ಮೇಳನ. ಸರೋವರದ ಕಡೆಯಿಂದ ಬೀಸುವ ಗಾಳಿಗೆ ಜನ ತಲೆ ತಗ್ಗಿಸಿ, ಯಾರದೋ ತಪ್ಪಿಗೆ ತಾವು ಕ್ಷಮೆ ಕೇಳುವವರಂತೆ ನಡೆಯುತ್ತಿದ್ದರು. ಹೋಟೆಲಿನ ಒಳಗೆ ಇದಕ್ಕೆ ತದ್ವಿರುದ್ಧವಾದ ಸೆಕೆ. ಹೊರಗೆ ಹಿಮ, ಒಳಗೆ ಒಬ್ಬ ಹೆಂಗಸು ಕಾರ್ಯಕ್ರಮ ಪತ್ರಿಕೆಯನ್ನು ಬೀಸಣಿಗೆ ಮಾಡಿಕೊಂಡಿದ್ದಳು. ನೀರು ಕೇಳಿದರೆ ಲೋಟದ ತುಂಬ ಮಂಜುಗಡ್ಡೆ ಹಾಕಿ ಕೊಟ್ಟರು. ಈ ದೇಶದವರು ಹವೆಯೊಂದಿಗೆ ರಾಜಿ ಮಾಡಿಕೊಳ್ಳುವುದಿಲ್ಲ, ಬಾಗಿಲು ಮುಚ್ಚಿ ಅದನ್ನು ಅಲ್ಲಗಳೆಯುತ್ತಾರೆ.

ನಿದ್ದೆಗೆಟ್ಟ ಕಣ್ಣಿನಲ್ಲಿಯೇ ನನ್ನ ಭಾಷಣ ಮುಗಿಸಿದೆ. ಹಿಂದಿನ ಸಾಲಿನಿಂದ ಒಬ್ಬ ವೃದ್ಧ ವಿಜ್ಞಾನಿ ನಿಧಾನವಾಗಿ ಎದ್ದರು.

"ಇದನ್ನೆಲ್ಲ ಯಾವ ತಾಪಮಾನದಲ್ಲಿ ಅಳೆದಿರಿ?"

"ಕೋಣೆಯ ತಾಪಮಾನದಲ್ಲಿ."

"ಯಾರ ಕೋಣೆ?"

ಸಭೆ ನಕ್ಕಿತು. ನಾನೂ ನಕ್ಕೆ. ಮುಂದಿನ ಭಾಷಣಕಾರ ವೇದಿಕೆಗೆ ಬಂದದ್ದರಿಂದ ಉತ್ತರಿಸುವ ಅಗತ್ಯ ಬೀಳಲಿಲ್ಲ. ಅಗತ್ಯ ಬೀಳಲಿಲ್ಲವೆಂದು ನನಗೆ ಹಾಯೆನಿಸಿತು. ಆ ಹಾಯೇ ಹೆದ್ದಾರಿಗೆ ಇಳಿಯುವ ಹೊತ್ತಿಗೆ ಕಸಿವಿಸಿಯಾಗಿತ್ತು.

ಹೆದ್ದಾರಿ

ಸಮ್ಮೇಳನಕ್ಕೆ ಬಂದಿದ್ದ ಮುರಳೀಧರ ಅಂಕಲ್ ನನ್ನನ್ನು ತಮ್ಮ ಕಾರಿನಲ್ಲಿ ಪ್ಲಿಮತ್ ಪಕ್ಕದ ಕ್ಯಾಂಟನ್‌ಗೆ, ತಮ್ಮ ಮನೆಗೆ ಕರೆದೊಯ್ದರು. ಅವರು ನನ್ನ ಸಂಶೋಧನೆಯ ಗೈಡ್ ಅವರ ಸಹಪಾಠಿ, ಮೈಸೂರಿನವರು. ಪ್ಲಿಮತ್‌ನ ಆ ಕಂಪನಿಯಲ್ಲಿ ಈ ಯೋಜನೆಯ ಮುಖ್ಯ ಎಂಜಿನಿಯರ್. ಇಂಡಿಯಾನಾದ ಉಕ್ಕಿನ ಕಾರ್ಖಾನೆಗಳನ್ನು ದಾಟಿದ ಮೇಲೆ ನೋಡಲು ಉಳಿದದ್ದು ಬೂದು ಆಕಾಶ, ಬೂದು ಹಿಮ, ಮತ್ತು ವಕೀಲರ ಜಾಹೀರಾತು ಫಲಕಗಳು. ಕೋಟು ತೊಟ್ಟು ಕೈಕಟ್ಟಿದ ವಕೀಲರು ಒಬ್ಬರಾದ ಮೇಲೊಬ್ಬರು, ನಿಮಗೆ ಅಪಘಾತವಾಗಿದೆಯೇ ಎಂದು ಮೈಲುಗಟ್ಟಲೆ ವಿಚಾರಿಸುತ್ತಿದ್ದರು. ಹೊಣೆಗಾರಿಕೆಯನ್ನು ಇಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಅದು ಆರಂಭವಾಗುವುದು ಮಾತ್ರ ಮೂಳೆ ಮುರಿದ ನಂತರ.

ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಉರಿಯುತ್ತಿತ್ತು. ಏನೆಂದು ಕೇಳಿದೆ.

"ಟೈರ್ ಪ್ರೆಶರ್ ಕಣಮ್ಮ. ಚಳಿಗೆ ಗಾಳಿ ಕುಗ್ಗುತ್ತೆ, ದೀಪ ಬರುತ್ತೆ. ನವೆಂಬರ್‌ನಲ್ಲಿ ಬರುತ್ತೆ, ಏಪ್ರಿಲ್‌ನಲ್ಲಿ ಹೋಗುತ್ತೆ. ಮಿಶಿಗನ್‌ನಲ್ಲಿ ಯಾರೂ ಅದನ್ನ ನೋಡೋದೇ ಇಲ್ಲ."

"ನಿಜವಾಗ್ಲೂ ಪಂಕ್ಚರ್ ಆಗಿದ್ರೆ?"

"ಆಗ ಗಾಡೀನೇ ಹೇಳುತ್ತೆ ಬಿಡು," ಎಂದು ನಕ್ಕರು.

ನಾನು ಮಡಿಲಿನ ಮೇಲಿದ್ದ ವರದಿಯ ಕರಡನ್ನು ಮತ್ತೆ ತೆರೆದೆ. ಅದರ ನಡುವೆ ಒಂದು ವಾಕ್ಯವಿತ್ತು: ವಾಹನದ ಸಾಮಾನ್ಯ ತಾಪಮಾನಗಳಲ್ಲಿ ಈ ಪಟ್ಟಿಯ ಅಳತೆ ಬದಲಾಗುವುದಿಲ್ಲ.

"ಅಂಕಲ್, ಇದನ್ನ ಪರೀಕ್ಷೆ ಮಾಡಿದ್ದು ಯಾರು?"

"ನಿಮ್ಮ ಲ್ಯಾಬ್ ಅಲ್ವಾ?"

"ನೀವು ಮಾಡಿದೀರಿ ಅಂತ ನಾವು ಅಂದ್ಕೊಂಡಿದ್ವಿ. ಮೈಸೂರಲ್ಲಿ ಚಳಿ ಎಲ್ಲಿಂದ ತರೋದು?"

ಅವರು ಕನ್ನಡಿ ನೋಡಿ, ಹಿಂದಿನ ಲಾರಿಗೆ ದಾರಿ ಬಿಟ್ಟರು. "ಹಳೇ ಸೆನ್ಸರ್ ಒಂದಿತ್ತು, ಲೋಹದ್ದು. ಅದರ ರಿಪೋರ್ಟನ್ನೇ ಟೆಂಪ್ಲೇಟ್ ಅಂತ ತಗೊಂಡಿದ್ವಿ. ಆ ಲೈನು ಅದರ ಜೊತೆ ಬಂದುಬಿಟ್ಟಿರಬೇಕು."

"ಹಾಗಾದ್ರೆ ತೆಗೀಬೇಕಲ್ಲ."

"ತೆಗೆದ್ರೆ ಯಾಕೆ ತೆಗೆದ್ರಿ ಅಂತ ಕೇಳ್ತಾರೆ. ಮುಂದಿನ ಹಂತದಲ್ಲಿ, ಫೇಸ್ ಟೂನಲ್ಲಿ ಟೆಸ್ಟ್ ಮಾಡೋಣ ಬಿಡು. ಈಗ ಕಂಪನೀಲಿ ರಿವ್ಯೂ ಮೀಟಿಂಗ್ ಮುಗೀಲಿ."

ವಿಶ್ವವಿದ್ಯಾನಿಲಯದಲ್ಲಿ ನಾನು ಪ್ರತಿಭಟನಾ ಸಭೆಗಳಲ್ಲಿ ಮಾತಾಡಿದ್ದೇನೆ; ಕುಲಪತಿಗಳ ಕಚೇರಿಯ ಮೆಟ್ಟಿಲ ಮೇಲೆ ಕುಳಿತು ಉತ್ತರ ಕೇಳಿದ್ದೇನೆ. ಅಲ್ಲೆಲ್ಲ ತಪ್ಪಿಗೊಬ್ಬ ಯಜಮಾನನಿರುತ್ತಿದ್ದ. ಈ ವಾಕ್ಯವನ್ನು ಮಾತ್ರ ಯಾರೂ ಬರೆದಿರಲಿಲ್ಲ. ಯಾರೂ ಬರೆಯದ ವಾಕ್ಯದ ಕೆಳಗೆ ನಾವೆಲ್ಲರೂ ಹೆಸರು ಹಾಕಲಿದ್ದೆವು. ಯಾರ ಮೇಲೆ ರೇಗಬೇಕೆಂದು ತಿಳಿಯದ ಸಿಟ್ಟಿನಷ್ಟು ದಣಿಸುವುದು ಬೇರೊಂದಿಲ್ಲ. ಉಳಿದ ದಾರಿಯನ್ನು ನಾನು ಗಾಜಿಗೆ ತಲೆಯಾನಿಸಿ ಕಳೆದೆ.

ಕ್ಯಾಂಟನ್

ಒಂದೇ ಬಣ್ಣದ, ಒಂದೇ ಮುಖದ ಮನೆಗಳ ಸಾಲಿನಲ್ಲಿ ಅವರ ಮನೆಯನ್ನು ಅವರೂ ಗ್ಯಾರೇಜಿನ ಬಾಗಿಲು ತೆರೆದುಕೊಂಡಾಗಲೇ ಖಚಿತಪಡಿಸಿಕೊಂಡಂತೆ ಕಂಡಿತು. ಮನೆಯೊಳಗೆ ಹೋಗುವ ದಾರಿ ಗ್ಯಾರೇಜಿನ ಮೂಲಕವೇ. ಚಪ್ಪಲಿಗಳ ಪಕ್ಕದಲ್ಲಿ ಬೆಂಡೆಕಾಯಿ, ಮೊಸರಿನ ಬಕೆಟ್ಟು, ಕರಿಬೇವಿನ ಕಟ್ಟು: ಚಳಿಗಾಲದಲ್ಲಿ ಗ್ಯಾರೇಜೇ ಇಲ್ಲಿನವರಿಗೆ ಎರಡನೆಯ ಫ್ರಿಜ್ಜು.

ಅಂಕಲ್ ಅವರ ಹೆಂಡತಿ ಉಷಾ ಆಂಟಿ ನನ್ನ ಕೈಯ ಡಬ್ಬಿಯನ್ನು ಇಸಿದುಕೊಂಡರು. "ಏನಿದು, ಅಮ್ಮ ಏನಾದ್ರೂ ಕಳಿಸಿದ್ರಾ?"

"ಅಲ್ಲ ಆಂಟಿ, ನನ್ನ ಸ್ಯಾಂಪಲ್. ಗ್ಯಾರೇಜಲ್ಲಿ ಇಡಬೇಡಿ, ಅದಕ್ಕೆ ಚಳಿ ತಾಗಬಾರದು."

"ಅಷ್ಟೇ ತಾನೇ? ನೀನು ಹೋಗಿ ಮಲಗು. ಮುಖ ನೋಡೋಕಾಗ್ತಿಲ್ಲ."

ಊಟವನ್ನೂ ಅರ್ಧಕ್ಕೆ ಬಿಟ್ಟು ಮಲಗಿದೆ. ಬೆಳಿಗ್ಗೆ ಅಡುಗೆಮನೆಗೆ ಬಂದಾಗ ಡಬ್ಬಿ ಎಲ್ಲಿಯೂ ಕಾಣಲಿಲ್ಲ.

"ಓವನ್‌ನಲ್ಲಿದೆ ನೋಡು," ಎಂದರು ಆಂಟಿ, ಕಾಫಿ ಸೋಸುತ್ತ.

ಓಡಿಹೋಗಿ ಬಾಗಿಲು ತೆರೆದೆ. ಓವನ್ ಉರಿಯುತ್ತಿರಲಿಲ್ಲ, ಅದರೊಳಗಿನ ಬಲ್ಬು ಮಾತ್ರ ಹತ್ತಿತ್ತು. ಈ ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬುವುದಿಲ್ಲವಾದ್ದರಿಂದ ಇಲ್ಲಿನ ಗೃಹಿಣಿಯರು ಹಿಟ್ಟಿನ ಪಾತ್ರೆಯನ್ನು ಓವನ್‌ನೊಳಗಿಟ್ಟು ದೀಪ ಹಾಕಿಡುತ್ತಾರೆ. ಆ ಒಂದು ಬಲ್ಬಿನ ಬಿಸುಪು ಸಾಕು. ಉಬ್ಬಿ ಮುಚ್ಚಳ ಎತ್ತಿದ್ದ ಹಿಟ್ಟಿನ ಪಕ್ಕದಲ್ಲಿ, ಅಷ್ಟೇ ಕಾಳಜಿಯಿಂದ, ಆಂಟಿ ನನ್ನ ಡಬ್ಬಿಯನ್ನು ಬೆಚ್ಚಗಿಟ್ಟಿದ್ದರು.

ಅವರ ಮಗಳು ಅನಘಾ, ಇಲ್ಲಿಯೇ ಹುಟ್ಟಿ ಬೆಳೆದವಳು, ಆಸ್ಪತ್ರೆಯಲ್ಲಿ ನರ್ಸ್, ಕೆಲಸಕ್ಕೆ ಹೊರಟವಳು ಬಾಗಿಲಲ್ಲಿ ನಿಂತು ನೋಡಿದಳು. "ಅಮ್ಮಾ, ಯು ಬೇಕ್ಡ್ ಹರ್ ಪಿಎಚ್‌ಡಿ?"

"ಸುಮ್ನಿರೇ. ಬೆಚ್ಚಗಿಡಿ ಅಂದಳು, ಇಟ್ಟೆ."

ನಾನು ಬೆಚ್ಚಗಿಡಿ ಎಂದಿರಲಿಲ್ಲ. ಆದರೆ ಚಳಿ ಬೇಡವೆಂದವರಿಗೆ ಬೆಚ್ಚಗಿನದೇ ಬೇಕೆಂದು ತಿಳಿದದ್ದರಲ್ಲಿ ತಪ್ಪೇನು? ಮೀಟರ್ ತಂದೆ. ಪಟ್ಟಿಯ ತಂತಿಗಳು ಸಡಿಲವಿದ್ದವು. ಅಂಕಲ್ ಹಲ್ಲುಜ್ಜುವುದನ್ನು ಬಿಟ್ಟು ಬಂದು ಮೀಟರಿನ ಎರಡು ಮೊನೆಗಳನ್ನು ಪಟ್ಟಿಗೆ ಒತ್ತಿ ಹಿಡಿದರು. ಯಾರೂ ಬಗ್ಗಿಸದ, ಯಾರೂ ಎಳೆಯದ ಪಟ್ಟಿ, ನಾವು ಮೈಸೂರಿನಲ್ಲಿ ಬಗ್ಗಿಸಿದಾಗ ತೋರಿಸುತ್ತಿದ್ದ ಸಂಖ್ಯೆಯನ್ನು ತೋರಿಸುತ್ತಿತ್ತು.

"ಹಿಟ್ಟಿನ ಹುಳಿ ಆವಿ ತಾಗಿರಬೇಕು," ಎಂದರು ಅಂಕಲ್.

ಅದು ನ್ಯಾಯವಾದ ಅನುಮಾನವೇ. ತೇವವೂ ಗ್ರಾಫೀನ್‌ನ ರೋಧವನ್ನು ಬದಲಿಸಬಲ್ಲದು. ಆದ್ದರಿಂದ ಹಿಟ್ಟನ್ನು ಹೊರಗಿಟ್ಟು, ಓವನ್ ಒರೆಸಿ, ಬೇರೊಂದು ಪಟ್ಟಿಯನ್ನು ದೀಪದಡಿಯಲ್ಲಿಟ್ಟೆವು. ಮತ್ತೆ ಏರಿತು. ಮೇಜಿನ ಮೇಲೆ ಬಿಟ್ಟೆವು, ಇಳಿಯಿತು. ಗ್ಯಾರೇಜಿನಲ್ಲಿ ಮೊಸರಿನ ಬಕೆಟ್ಟಿನ ಮೇಲಿಟ್ಟೆವು, ಇನ್ನೂ ಇಳಿಯಿತು. ಕಾರಣ ನನಗೆ ಪುಸ್ತಕದಲ್ಲಿ ಗೊತ್ತಿದ್ದದ್ದೇ. ಬಿಸಿಗೆ ಪ್ಲಾಸ್ಟಿಕ್ ಹಿಗ್ಗುತ್ತದೆ. ಗ್ರಾಫೀನ್ ಬಿಸಿಗೆ ಹಿಗ್ಗುವುದಿಲ್ಲ, ತುಸು ಕುಗ್ಗಲು ನೋಡುತ್ತದೆ. ಪ್ಲಾಸ್ಟಿಕ್ಕಿಗೆ ಅಂಟಿಕೊಂಡದ್ದರಿಂದ ಅದನ್ನು ಬಲವಂತವಾಗಿ ಎಳೆದಂತಾಗುತ್ತದೆ. ಚಳಿಗೆ ಪ್ಲಾಸ್ಟಿಕ್ ಕುಗ್ಗಿ ಗ್ರಾಫೀನನ್ನು ಅಮುಕುತ್ತದೆ. ಯಾರೂ ಮುಟ್ಟದೆಯೇ ಎಳೆತ. ಯಾರೂ ಮುಟ್ಟದೆಯೇ ಒತ್ತಡ.

"ಪಕ್ಕದಲ್ಲೊಂದು ಥರ್ಮಾಮೀಟರ್ ಇಟ್ಟು, ಬಿಸಿ-ಚಳಿಯಿಂದ ಬದಲಾದಷ್ಟನ್ನ ಲೆಕ್ಕದಲ್ಲಿ ಕಳೆದ್ರಾಯ್ತು," ಎಂದರು ಅಂಕಲ್.

ನಾನು ಗ್ಯಾರೇಜಿನ ಪಟ್ಟಿಯನ್ನು ಮತ್ತೆ ಒಳಗೆ ತಂದು, ಮೇಜಿನ ಮೇಲೆ ಬೆಚ್ಚಗಾಗಲು ಬಿಟ್ಟು ಅಳೆದೆ. ಅದು ಮೊದಲಿನ ಸಂಖ್ಯೆಗೆ ಹಿಂತಿರುಗಲಿಲ್ಲ. ಅಮುಕಿದಾಗ ಅಷ್ಟು ತೆಳುವಾದ ಹಾಳೆ ಸುಕ್ಕುಗಟ್ಟಿರಬೇಕು. ಇಸ್ತ್ರಿಯಿಲ್ಲದೆ ಬಿಟ್ಟ ಸೀರೆಯಂತೆ ಆ ಸುಕ್ಕು ತಾನಾಗಿ ಹೋಗಲಿಲ್ಲ. ಕಳೆಯುವುದಕ್ಕೆ ಒಂದು ನೆಲೆ ಬೇಕು. ನೆಲೆಯೇ ಜಾರುತ್ತಿತ್ತು.

ಅಂಕಲ್ ಮೀಟರಿನ ಮೊನೆಗಳನ್ನು ಕೆಳಗಿಟ್ಟು ಕುರ್ಚಿಯಲ್ಲಿ ಕುಳಿತರು.

"ಇನ್ನೂ ಒಂದಿದೆ ಅಂಕಲ್," ಎಂದೆ. "ಚಳಿಯಲ್ಲಿ ಬ್ಯಾಟರಿ ಊದಿದ್ರೆ? ಊದಿದ್ದಕ್ಕೆ ನಂಬರ್ ಮೇಲೆ ಹೋಗುತ್ತೆ, ಚಳಿಗೆ ಕೆಳಗೆ ಬರುತ್ತೆ. ಎರಡೂ ಸೇರಿ ಏನೂ ಆಗಿಲ್ಲ ಅಂತ ತೋರಿಸುತ್ತೆ. ಸುಳ್ಳು ದೀಪ ಹತ್ತೋದಾದ್ರೂ ಪರವಾಗಿಲ್ಲ. ಇದು ಹತ್ತೋದೇ ಇಲ್ಲ."

"ಗೊತ್ತಾಯ್ತಮ್ಮ, ನಾನೂ ಎಂಜಿನಿಯರೇ." ಅವರ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಾಗಿತ್ತು. "ನಾಳೆ ರಿವ್ಯೂ. ಅಲ್ಲಿ ಹೋಗಿ ಏನಂತ ಹೇಳಲಿ? ಇಡ್ಲಿ ಹಿಟ್ಟಿನ ಪಕ್ಕ ಅಳೆದ್ವಿ ಅಂತಲಾ? ಮೊಸರಿನ ಬಕೆಟ್ ಮೇಲೆ ಅಂತಲಾ? ಹತ್ತು ಜನರ ಕೆಲಸ ಈ ಪ್ರಾಜೆಕ್ಟ್ ಮೇಲಿದೆ ನಂದಿನಿ."

"ಕಾರಲ್ಲಿ ಕೂರೋರು ಎಷ್ಟು ಜನ?"

"ಭಾಷಣ ಬೇಡ," ಎಂದರು ಆಂಟಿ, ಇಬ್ಬರಿಗೂ ಇಡ್ಲಿ ಬಡಿಸುತ್ತ. "ಮೊದಲು ತಿನ್ನಿ."

ನಾನು ಗೈಡ್ ಅವರಿಗೆ ಫೋನ್ ಮಾಡಿದೆ. ಅವರು ಎಲ್ಲವನ್ನೂ ಕೇಳಿಸಿಕೊಂಡರು. "ನೀನು ಹೇಳ್ತಿರೋದು ಸರಿ ಇರಬಹುದು. ಆದರೆ ಅಲ್ಲಿ ಜಗಳ ಆಡಬೇಡ. ವರದಿ ನಿಂತರೆ ನಿನ್ನ ಅಧ್ಯಾಯ ನಿಲ್ಲುತ್ತೆ, ಗೊತ್ತಿದೆ ತಾನೇ? ವಾಪಸ್ ಬಾ, ಕೂತು ಮಾತಾಡೋಣ." ವಾಪಸ್ ಬಂದಮೇಲೆ ಕೂತು ಮಾತಾಡುವುದೆಂದರೆ ಏನೆಂದು ನಮ್ಮ ದೇಶದ ಪ್ರತಿ ಸಂಶೋಧನಾ ವಿದ್ಯಾರ್ಥಿಗೂ ತಿಳಿದಿದೆ. ಅಷ್ಟರಲ್ಲಿ ಪಟ್ಟಿ ಕಾರಿನೊಳಗಿರುತ್ತದೆ.

ಪ್ಲಿಮತ್

ಕಂಪನಿಯ ಕಟ್ಟಡ ತಗ್ಗಾದ, ಕಿಟಕಿ ಕಡಿಮೆಯಿದ್ದ ಪೆಟ್ಟಿಗೆ. ಎದುರಿಗೆ ಕಟ್ಟಡಕ್ಕಿಂತ ದೊಡ್ಡ ಪಾರ್ಕಿಂಗ್ ಬಯಲು. ಸಭೆಯ ಮೇಜಿನ ನಡುವೆ ಅಲ್ಯೂಮಿನಿಯಮ್‌ನ ಒಂದು ಡಬ್ಬ, ಬ್ಯಾಟರಿಯ ಅಣಕು ರೂಪ. ಒಳಗಿನ ತಿರುಪನ್ನು ತಿರುಗಿಸಿದರೆ ಅದರ ಗೋಡೆ ನಿಜವಾದ ಬ್ಯಾಟರಿಯಂತೆ ಹೊರಕ್ಕೆ ಉಬ್ಬುತ್ತಿತ್ತು. ಗೋಡೆಗೆ ನಮ್ಮ ಪಟ್ಟಿಯನ್ನು ಅಂಟಿಸಿ, ಅದಕ್ಕೊಂದು ಎಚ್ಚರಿಕೆಯ ದೀಪ ಜೋಡಿಸಿದ್ದರು. ಅಂಕಲ್ ತಿರುಪು ತಿರುಗಿಸಿದರು, ಪರದೆಯ ಮೇಲೆ ಸಂಖ್ಯೆ ಏರಿ ದೀಪ ಹತ್ತಿತು, ಮೇಜಿನ ಸುತ್ತ ಇದ್ದವರು ತಲೆದೂಗಿದರು. ವಿಭಾಗದ ಮುಖ್ಯಸ್ಥೆ ಕ್ಯಾರಲ್, ನರೆಗೂದಲಿನ, ಮೃದು ಮಾತಿನ ಹೆಂಗಸು, ನನ್ನ ಕಡೆ ತಿರುಗಿ ಏನಾದರೂ ಸೇರಿಸುವುದಿದೆಯೇ ಎಂದು ಕೇಳಿದರು.

ನಾನು ಇಂಗ್ಲಿಷಿನಲ್ಲಿ ಸಿದ್ಧಮಾಡಿಕೊಂಡಿದ್ದ ಮಾತುಗಳನ್ನು ಹೇಳಿದೆ. ತಾಪಮಾನದ ಕುರಿತ ಆ ವಾಕ್ಯವನ್ನು ಯಾರೂ ಪರೀಕ್ಷಿಸಿಲ್ಲ. ಪರೀಕ್ಷಿಸಿದರೆ ಅದು ಸುಳ್ಳಾಗುತ್ತದೆ. ಅದು ಇರುವವರೆಗೆ ನನ್ನ ಹೆಸರು ವರದಿಯಲ್ಲಿರಕೂಡದು.

ಆಮೇಲೆ ಕ್ಯಾರಲ್ ತುಂಬ ಸೌಜನ್ಯದಿಂದ, "ನಿಮ್ಮ ಕಳಕಳಿಯನ್ನು ಗೌರವಿಸುತ್ತೇವೆ" ಎಂದರು. ಪಕ್ಕದಲ್ಲಿದ್ದವರು ಕೀಲಿಮಣೆ ಒತ್ತಿದರು. ಪರದೆಯ ಮೇಲಿನ ವರದಿಯ ಮೊದಲ ಪುಟದಿಂದ ನನ್ನ ಹೆಸರು ಅಳಿಸಿಹೋಯಿತು. ವಾಕ್ಯ ಇದ್ದಲ್ಲಿಯೇ ಇತ್ತು.

ಹೆಸರು ಹಿಂತೆಗೆಯುವುದೇ ನನ್ನ ಅಸ್ತ್ರವೆಂದು ಹಿಂದಿನ ದಿನದಿಂದ ನಂಬಿಕೊಂಡು ಬಂದಿದ್ದೆ. ಅದು ಅವರಿಗೆ ಒಂದು ಅನುಕೂಲವಾಗಿತ್ತು. ಸುಳ್ಳಿನಿಂದ ದೂರ ಸರಿದವರು ಸುಳ್ಳಿಗೆ ಜಾಗ ಮಾಡಿಕೊಟ್ಟಂತೆಯೇ ಎಂದು ಆ ಬಿಳಿಯ ಖಾಲಿ ಜಾಗವನ್ನು ನೋಡುತ್ತ ನನಗೆ ಹೊಳೆಯಿತು.

"ಕ್ಷಮಿಸಿ," ಎಂದೆ. "ಹೆಸರನ್ನು ಮತ್ತೆ ಹಾಕಿ. ಅದರ ಜೊತೆಗೆ ನನ್ನ ಆಕ್ಷೇಪವನ್ನೂ ನನ್ನ ಅಳತೆಯನ್ನೂ ಹಾಕಿ. ಬರೆದವರಲ್ಲಿ ಒಬ್ಬಳಾಗಿ ಕೇಳುತ್ತಿದ್ದೇನೆ."

"ಯಾವ ಅಳತೆ?" ಎಂದರು ಕ್ಯಾರಲ್. "ಎಲ್ಲಿ ಮಾಡಿದ್ದು?"

"ಒಂದು ಅಡುಗೆಮನೆಯಲ್ಲಿ."

ಯಾರೋ ನಕ್ಕರು. ಕ್ಯಾರಲ್ ನಗಲಿಲ್ಲ, ಆದರೆ ಅವರ ಕೈ ಮುಂದಿನ ಕಾರ್ಯಸೂಚಿಯ ಹಾಳೆಯತ್ತ ಚಲಿಸಿತು. ನಾನು ಅಂಕಲ್ ಕಡೆ ನೋಡಬಾರದೆಂದು ತೀರ್ಮಾನಿಸಿಕೊಂಡಿದ್ದೆ. ಅವರ ಮನೆಯ ಅನ್ನ ತಿಂದಿದ್ದೆ, ಆಂಟಿಯ ಕಂಬಳಿ ಹೊದ್ದಿದ್ದೆ. ಮೇಜಿನ ಅಂಚನ್ನೇ ನೋಡುತ್ತ ಕುಳಿತೆ.

"ಅದು ನನ್ನ ಅಡುಗೆಮನೆ," ಎಂದಿತು ಅಂಕಲ್ ದನಿ. "ಮೀಟರ್ ಹಿಡಿದಿದ್ದವನು ನಾನು. ಅವಳು ಹೇಳುತ್ತಿರುವುದು ಸರಿ."

ಕ್ಯಾರಲ್ ಅವರನ್ನೇ ದಿಟ್ಟಿಸಿದರು. "ಮುರಳಿ, ಹತ್ತು ನಿಮಿಷದ ಹಿಂದೆ ನೀವು ಇದೇ ವರದಿಯನ್ನು ಮಂಡಿಸಿದಿರಿ."

"ಹೌದು, ಮಂಡಿಸಿದೆ."

ಕ್ಯಾರಲ್ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು, ಕೋಟು ತೊಟ್ಟರು. "ಅಡುಗೆಮನೆ ಬೇಡ. ಹೊರಗೆ ಬೇಕಾದಷ್ಟು ಚಳಿ ಇದೆ. ಡಬ್ಬ ತನ್ನಿ."

ನಾವು ಮೂವರೇ ಹೊರಗೆ ಹೋದದ್ದು. ಅಂಕಲ್ ಕಾರಿನ ಮೂತಿಯ ಮೇಲೆ ಡಬ್ಬವನ್ನಿಟ್ಟು ಮೀಟರ್ ಜೋಡಿಸಿದರು. ತಿರುಪನ್ನು ಪೂರ್ತಿ ಸಡಿಲಿಸಿದ್ದರು. ಹದಿನಾಲ್ಕು ಡಿಗ್ರಿ ಎಂದರು ಅಂಕಲ್. ಇಲ್ಲಿಯವರ ಫ್ಯಾರನ್‌ಹೀಟ್ ಲೆಕ್ಕದ ಹದಿನಾಲ್ಕು, ನಮ್ಮ ಲೆಕ್ಕದಲ್ಲಿ ಶೂನ್ಯಕ್ಕಿಂತ ಹತ್ತು ಕೆಳಗೆ. ಡಬ್ಬ ತಣಿಯುವವರೆಗೆ ಕಾಯಬೇಕಿತ್ತು. ಆ ಹೊತ್ತಿನಲ್ಲಿ ಕೋಪವಾಗಲಿ ಗೆಲುವಾಗಲಿ ನನ್ನೊಳಗೆ ಉಳಿದಿರಲಿಲ್ಲ. ಕಾಲ್ಬೆರಳುಗಳಿವೆಯೇ ಎಂದು ಬೂಟಿನೊಳಗೆ ಆಡಿಸಿ ನೋಡಿಕೊಳ್ಳುತ್ತಿದ್ದೆ. ಮೀಟರಿನ ಸಂಖ್ಯೆ ಇಳಿಯುತ್ತ ಹೋಗಿ ಒಂದು ಕಡೆ ನಿಂತಿತು.

ಅಂಕಲ್ ಕೈಗವಸು ಕಳಚಿ ತಿರುಪನ್ನು ತಿರುಗಿಸತೊಡಗಿದರು. ಡಬ್ಬದ ಗೋಡೆ ಉಬ್ಬಿತು. ಬರಿಗಣ್ಣಿಗೇ ಕಾಣುತ್ತಿತ್ತು, ಬೆಳಕು ಅದರ ಮೇಲೆ ಬಾಗಿತ್ತು. ಸಂಖ್ಯೆ ಮೆಲ್ಲಗೆ ಏರಿ, ಬೆಚ್ಚನೆಯ ಸಭಾಂಗಣದಲ್ಲಿ ಡಬ್ಬ ಚಪ್ಪಟೆಯಾಗಿದ್ದಾಗ ಎಷ್ಟಿತ್ತೋ ಸರಿಯಾಗಿ ಅಲ್ಲಿಗೆ ಬಂದು ನಿಂತಿತು. ದೀಪ ಹತ್ತಲಿಲ್ಲ.

"ಇನ್ನೂ ಸ್ವಲ್ಪ," ಎಂದರು ಕ್ಯಾರಲ್.

ಅಂಕಲ್ ಇನ್ನೂ ತಿರುಗಿಸಿದರು. ಗೋಡೆ ಇನ್ನೂ ಉಬ್ಬಿತು. ದೀಪ ಹತ್ತಲಿಲ್ಲ.

ಕ್ಯಾರಲ್ ಬಗ್ಗಿ, ಊದಿದ ಗೋಡೆಯ ಮೇಲೆ ಅಂಗೈಯಿಟ್ಟು ನೋಡಿದರು. ನಂತರ ಕಟ್ಟಡದ ಕಡೆಗೊಮ್ಮೆ ತಿರುಗಿ ನೋಡಿ, ತಗ್ಗಿದ ದನಿಯಲ್ಲಿ ಕೇಳಿದರು:

"ಇದು ಇನ್ನು ಯಾರಿಗೆಲ್ಲ ಗೊತ್ತು?"

ಅಂಕಲ್ ಚಳಿಗೆ ಕೆಂಪಾದ ಬೆರಳುಗಳನ್ನು ಬಾಯಿಯ ಬಳಿ ಹಿಡಿದು ಊದಿಕೊಳ್ಳುತ್ತಿದ್ದರು. ಕೈಯನ್ನು ಕೆಳಗಿಳಿಸಿದರು.

"ಈಗ ನಿಮಗೆ," ಎಂದರು.